ಹಿಮದ ಸೂರು

ನಾರ್ವೆಯ ಆ ಶಿಖರದ ತುದಿಯಲ್ಲಿ ಗಾಳಿ ಹಿಮವನ್ನು ಮನೆಯ ಸೂರಿನಂತೆ ಆಚೆಗೆ ಚಾಚಿ ನಿಲ್ಲಿಸಿತ್ತು. ಅದರ ಕೆಳಗೆ ನೆಲವಿಲ್ಲ, ಬರೀ ಪ್ರಪಾತ ಎಂದು ವಸತಿಮನೆಯಾಕೆ ಬೆಳಿಗ್ಗೆಯೇ ಎಚ್ಚರಿಸಿದ್ದಳು. ಮಂಜು ಸರಿದಾಗ ನೋಡಿದರೆ ಪದ್ಮಜಳ ಗಂಡ ಅದರ ಮೇಲೆಯೇ ನಿಂತಿದ್ದ.

“ರೀ, ಬಂಡೆ ಕಡೆ ಬನ್ನಿ! ನೀವು ನಿಂತಿರೋದು ಬರೀ ಹಿಮದ ಮೇಲೆ!”

“ಶುರುವಾಯ್ತಾ ನಿನ್ನ ಪುರಾಣ? ಕಲ್ಲಿನ ಹಾಗಿದೆ, ನೋಡೇ!” ಎಂದು ಅವನು ಬೂಟುಗಾಲನ್ನು ಅಪ್ಪಳಿಸಿದ. ಅವನಿಗೂ ಬಂಡೆಗೂ ನಡುವೆ ಕೂದಲೆಳೆಯಂಥ ಬಿರುಕೊಂದು ಹರಿಯಿತು.

ಅವಳು ಮುಂದಿನ ಕೂಗನ್ನು ನುಂಗಿಕೊಂಡಳು. ಬೇಡವೆಂದ ಸೀರೆಯನ್ನೇ ತರುವ, ಹೊರಡೋಣ ಎಂದರೆ ಕೂತುಬಿಡುವ ಮನುಷ್ಯ. ಇಷ್ಟು ವರ್ಷ ತನಗೆ ಬೇಕಾದ್ದನ್ನು ತಿರುಗುಮುರುಗಾಗಿ ಹೇಳಿಯೇ ಅವಳು ಸಂಸಾರ ತೂಗಿಸಿದ್ದಳು. ಈಗಲೂ ಉಳಿದಿದ್ದು ಅದೊಂದೇ ದಾರಿ. ಮೊಬೈಲು ಎತ್ತಿ ಹಿಡಿದು, ಮುಖಕ್ಕೆ ನಗು ತಂದುಕೊಂಡಳು.

“ಹೋಗ್ಲಿ, ಈ ಕಡೆ ಮಾತ್ರ ಬರಬೇಡಿ. ಹಿಂದೆ ಹೋದಷ್ಟೂ ಫೋಟೋ ಚೆನ್ನಾಗಿ ಬರುತ್ತೆ.”

ಅವನು ಅವಳನ್ನೇ ನೋಡಿದ. ಎಂದೂ ಇಲ್ಲದಂತೆ ಅವನ ಮುಖ ಮೆತ್ತಗಾಯಿತು.

“ಇವತ್ತೊಂದು ದಿನ ನಿನ್ನ ಮಾತೇ ನಡೀಲಿ ಬಿಡು,” ಎಂದು ನಗುತ್ತಾ ಅವನು ಹಿಂದಕ್ಕೆ ಹೆಜ್ಜೆ ಇಟ್ಟ.