ಕಾರಿಗಿಟ್ಟ ರೊಟ್ಟಿ

ಹೊಸ ಕ್ಯಾನ್ವಾಸಿನ ವಾಸನೆ ಬಂದರೆ ಈಗಲೂ ಶಹಾಬಜಾರದ ನಮ್ಮ ಅಂಗಳದಲ್ಲಿ ನಿಂತಿದ್ದ ಆ ಕಾರು ನೆನಪಾಗುತ್ತದೆ. ಮಹಾಯುದ್ಧಕ್ಕೂ ಮೊದಲು ರ್‍ಯಾಲಿಗಳಲ್ಲಿ ಓಡಿದ್ದ ಸಾಹುಕಾರರೊಬ್ಬರ ಆ ತೆರೆದ ಕಾರನ್ನು ಮೆಕ್ಯಾನಿಕ್ ಆಗಿದ್ದ ಅಪ್ಪ ಮೊದಲಿನಂತೆ ಮಾಡಿದ್ದ. ಅದರ ಮಡಚುವ ಕ್ಯಾನ್ವಾಸ್ ಟಾಪನ್ನು ಮಾತ್ರ, ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುವ ಅಜ್ಜಿ ಹೊಲಿದಳು. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯೊಳಗೆ ರೊಟ್ಟಿಯ ಚೂರು ಇಡುತ್ತಿದ್ದ ಅವಳು ಇಲ್ಲೂ ಇಟ್ಟಳು.

“ಯವ್ವಾ, ಇದು ಕಾರು! ಸಾಹುಕಾರ್ರು ನೋಡಿದ್ರ ಏನಂತಾರ? ಬಿಚ್ಚು,” ಎಂದು ಅಪ್ಪ ರೇಗಿದ.

“ಎಷ್ಟು ಊರು ಓಡಿ ಬಂದದೋ, ಹಸದಿರ್ತದ,” ಎನ್ನುತ್ತ ಅಜ್ಜಿ ಹಲ್ಲಿನಿಂದ ದಾರ ಕಡಿದಳು.

ಮರುದಿನ ಕಮಲಾಪುರದ ಬಾಳೆತೋಟದಲ್ಲಿ ಸಾಹುಕಾರರಿಗೆ ಕಾರು ಒಪ್ಪಿಸುವಾಗ ಆ ಮೂಲೆಗೆ ಇರುವೆಗಳು ಸಾಲುಗಟ್ಟಿದ್ದವು.

“ಇದೇನೋ?” ಎಂದರು ಅವರು.

“ನಿಮ್ಮ ತೋಟದ್ವೇ ಇರಬೇಕ್ರೀ,” ಎಂದ ಅಪ್ಪ, ಇರುವೆ ಕಚ್ಚುತ್ತಿದ್ದರೂ ಆ ಹೊಲಿಗೆಯ ಮೇಲಿಂದ ಅಂಗೈ ತೆಗೆಯಲಿಲ್ಲ.