ಮುಚ್ಚಿಟ್ಟ ಬಟ್ಟಲು

ಹೆಪ್ಪು ಹಾಕಿದವರ ಸ್ವಭಾವ ಮೊಸರಿಗೂ ಬರುತ್ತದೆಂಬುದು ಈಗ ಎಲ್ಲರಿಗೂ ಗೊತ್ತು. ಹಾಗಾಗಿ ಹೆಪ್ಪು ಬೆಳೆಸುವ ಬಯೋಟೆಕ್ ಕಂಪನಿಯೊಂದರಲ್ಲಿ ಸಂದರ್ಶನವೇ ಇಲ್ಲ. ಕಾರ್ಖಾನೆ ನೋಡಲು ಹೋದ ನಮ್ಮಂಥ ವಿದ್ಯಾರ್ಥಿಗಳು ಉಗುರುಬೆಚ್ಚಗಿನ ಹಾಲಿಗೆ ಬೆರಳು ಅದ್ದಬೇಕು. ಯಾರ ಮೊಸರು ಚೆನ್ನಾಗಿದೆಯೋ ಅವರಿಗೆ ಪ್ರಯೋಗಾಲಯದಲ್ಲಿ ಕೆಲಸ. ನನಗದು ಬೇಕೇ ಬೇಕಿತ್ತು. ಬಾಯಿ ಬಿಡದೆ ಸಿಗುವ ಕೆಲಸ ಬೇರೆಲ್ಲಿದೆ?

ಮಧ್ಯಾಹ್ನಕ್ಕೆ ಗೆಳತಿ ಲಿಖಿತಾಳ ಮೊಸರು ಅವಳಂತೆಯೇ ಉಕ್ಕಿ ಮೇಜಿಗೆಲ್ಲ ಹರಡಿತ್ತು. ನನ್ನದಿನ್ನೂ ಹಾಲು.

"ಬೆರಳು ಅದ್ದಿದ್ಯೋ, ಇಲ್ಲ ನಾಟಕ ಆಡಿದ್ಯೋ?" ಎಂದರು ಪ್ರಯೋಗಾಲಯದ ಮಂಗಳಗೌರಿ ಮೇಡಂ. ಇಡೀ ತರಗತಿ ನನ್ನ ಬಟ್ಟಲಿನ ಮೇಲೆ ಬಗ್ಗಿತು. ಹಾಲು ಇನ್ನಷ್ಟು ನೀರಾಯಿತು. ಅದರ ಕಷ್ಟ ನನಗೆ ಅರ್ಥವಾಯಿತು.

"ಗಂಡಿನ ಕಡೆಯವರು ಬಂದಾಗ್ಲೂ ಇವಳು ಅಡುಗೆಮನೆಯಿಂದ ಈಚೆ ಬರ್ಲಿಲ್ಲ, ಮೇಡಂ," ಲಿಖಿತಾ ನಕ್ಕಳು.

ಅವಮಾನ ಮುಚ್ಚಲು ಬಟ್ಟಲಿಗೊಂದು ತಟ್ಟೆ ಮುಚ್ಚಿ ಊಟಕ್ಕೆ ಹೋದೆ. ವಾಪಸಾದಾಗ ಮೇಡಂ ತಟ್ಟೆ ತೆಗೆದರು. ಒಳಗೆ ಚಾಕುವಿನಿಂದ ಕತ್ತರಿಸಬಹುದಾದಂಥ ಮೊಸರು! ಎಲ್ಲರೂ ಇಣುಕಿದ್ದೇ ತಡ, ಅಂಚಿನಿಂದ ಕರಗತೊಡಗಿತು.

"ನೋಡ್ಬೇಡ್ರೋ!" ಮೇಡಂ ಗಬಕ್ಕನೆ ತಟ್ಟೆ ಮುಚ್ಚಿದರು. "ಇಂಥ ಮೊಸರು ನಾನು ಕಂಡೇ ಇಲ್ಲ."

"ತಿನ್ನೋರು ಏನ್ ಮಾಡ್ಬೇಕು ಮೇಡಂ?" ಲಿಖಿತಾ ಕೇಳಿದಳು.

"ಕಣ್ಣು ಮುಚ್ಕೊಂಡು ತಿನ್ಲಿ," ಎಂದ ಮೇಡಂ ನನ್ನನ್ನು ಕೇಳಿದರು, "ಕೆಲಸಕ್ಕೆ ಬರ್ತೀಯೇನಮ್ಮ?"

ಎಲ್ಲರೂ ನನ್ನತ್ತ ತಿರುಗಿದರು. ನಾನು ಲಿಖಿತಾಳ ಬೆನ್ನ ಹಿಂದೆ ಸರಿದೆ. ಮೇಡಂ ನನ್ನನ್ನೊಮ್ಮೆ, ಬಟ್ಟಲನ್ನೊಮ್ಮೆ ನೋಡಿದರು.

"ಎಲ್ರೂ ಗೋಡೆ ಕಡೆ ತಿರುಗಿ," ಎಂದು ತಾವೂ ತಿರುಗಿ ನಿಂತರು.

"ಬರ್ತೀನಿ ಮೇಡಂ," ಎಂದೆ. ಪಕ್ಕದ ಕೋಣೆಗೂ ಕೇಳಿಸಿತಂತೆ.