ಮಿಣುಕುವ ಕೆಂಪು ದೀಪ

ಅವ್ವ ಹುಣಸೆಹಣ್ಣು ಹಚ್ಚಿ ತಾಮ್ರದ ಕೊಡ ತಿಕ್ಕುವಾಗ ಅಂಗಳಕ್ಕೆಲ್ಲ ಹರಡುತ್ತಿದ್ದ ಹುಳಿ ವಾಸನೆ, ಗ್ಯಾರೇಜಿನಲ್ಲಿ ವ್ಯಾನಿನ ಬಾನೆಟ್ ಎತ್ತಿದಾಗ ಡ್ರೈವರ್ ಯಮನೂರನ ಮೂಗಿಗೆ ಬಡಿಯಿತು. ಸಿಟ್ಟಿನ ಭರದಲ್ಲಿ ಅವನು ಅದನ್ನು ಲೆಕ್ಕಿಸಲಿಲ್ಲ. "ಹೊಸಾ ಬ್ಯಾಟರಿ ಹಾಕಿದಿ, ಆದ್ರೂ ಒಮ್ಮೆ ಚಾರ್ಜ್ ಆಗ್ತದ, ಒಮ್ಮೆ ಇಲ್ಲ. ಇವತ್ತೂ ದಾರ್ಯಾಗ ನಿಂತ್ರ ಗೋವಾ ವೆರ್ಣಾದ ಕಂಪನಿಯವ್ರು ಶಿಫ್ಟಿನ ಮಂದಿನ್ನ ಒಯ್ಯಾಕ ಬ್ಯಾರೆ ಗಾಡಿ ಹಚ್ಚತಾರ. ಮೋಸ ಮಾಡಿದಿ ನೀ," ಎಂದು ಎಲೆಕ್ಟ್ರಿಷಿಯನ್ ಸಿಕಂದರನನ್ನು ಎಲ್ಲರೆದುರು ಜಾಡಿಸಿದ.

ಸಿಕಂದರ ಬ್ಯಾಟರಿಯ ಕ್ಲಾಂಪ್ ಬಿಚ್ಚಿದ. ಅದಕ್ಕೆ ಕಟ್ಟಿದ್ದ ನಿಂಬೆಹಣ್ಣು ಕೊಳೆತು, ರಸ ಸೋರಿ, ವೈರಿನ ತುದಿಗೆ ಹಸಿರು ಕಿಲುಬು ಹಿಡಿದಿತ್ತು. "ಇದನ್ನ ಯಾರ್ ಕಟ್ಟಿದ್ರು?"

ಗಾಡಿಯ ಮುಂದೆ ಏನೂ ತೂಗುಹಾಕಬಾರದೆಂದು ಕಂಪನಿಯವರು ಹೇಳಿದ ಮೇಲೆ, ದೃಷ್ಟಿ ತಾಗದಿರಲೆಂದು ಅಮಾವಾಸ್ಯೆಗೊಮ್ಮೆ ಬಾನೆಟ್ಟಿನೊಳಗೆ ಕಟ್ಟುತ್ತಿದ್ದವನು ಯಮನೂರನೇ. "ನಾನ," ಎಂದ.

"ಕರೆಂಟ್ ಹಾಯೋ ಜಾಗಕ್ಕ ನೀನ ಹುಳಿ ಹಿಂಡಿ, ನನಗ ಮೋಸಗಾರ ಅಂತಿ. ನಾಚಿಕಿ ಬರಂಗಿಲ್ಲೇನೋ?" ಅಡುಗೆ ಸೋಡಾ ಕಲಸಿದ ನೀರಿನಿಂದ ಕಿಲುಬು ತೊಳೆದು ಮುಗಿಸುವವರೆಗೂ ಸಿಕಂದರನ ಬೈಗುಳ ನಿಲ್ಲಲಿಲ್ಲ. ಯಮನೂರ ಸೀಟಿನಲ್ಲಿ ಕೂತು ಗಾಡಿ ಚಾಲೂ ಮಾಡಿದಾಗ, ಇಷ್ಟು ದಿನ ಸ್ಟೀರಿಂಗಿನ ಮುಂದೆ ಮಿಣುಕುತ್ತಿದ್ದ ಬ್ಯಾಟರಿಯ ಕೆಂಪು ದೀಪ ಪೂರ್ತಿ ಆರಿತು. ಅವನು ತಲೆ ತಗ್ಗಿಸಿ ಗೇರಿಗೆ ಕೈ ಹಾಕಿದ. ಶಿಫ್ಟಿನ ಹೊತ್ತಾಗಿತ್ತು. ಸಿಕಂದರ ಮುಖ ತಿರುಗಿಸಿಕೊಂಡೇ ಕೈ ಒರೆಸಿಕೊಂಡು, ಬೆಳಗಿನಿಂದ ಏನೂ ತಿನ್ನದಿದ್ದ ಯಮನೂರನ ಮಡಿಲಲ್ಲಿ ತನ್ನ ರೊಟ್ಟಿಯ ಡಬ್ಬಿ ಇಟ್ಟ.